ನೂರ ಹದಿನೆಂಟನೆಯ ಚೀಟಿ

ಹೋದ ಜಾಗದಿಂದ ಹಿಂದಿರುಗಿ ಬರಲಾಗದಿದ್ದರೆ ಮುಂದೇನು ಮಾಡತಕ್ಕದ್ದು ಎಂಬ ಪ್ರಶ್ನೆ ಯುದ್ಧ, ಸನ್ಯಾಸ, ಮದುವೆ ಮುಂತಾದ ದೊಡ್ಡ ವಿಚಾರಗಳಲ್ಲಿ ಮಾತ್ರ ಹುಟ್ಟುತ್ತದೆ ಎಂದು ತಿಳಿದವರಿಗೆ ಆ ಕಚೇರಿಯ ಎರಡನೇ ಮಹಡಿಯ ಪರಿಚಯವಿಲ್ಲ. ಅಲ್ಲಿ ಹದಿನೆಂಟು ವರ್ಷದ ಹಿಂದೆ, ಒಂದು ಮಂಗಳವಾರ ಮಧ್ಯಾಹ್ನ, ಊಟದ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ ಈ ಪ್ರಶ್ನೆಯನ್ನು ನಾಲ್ಕು ಸಾಲಿನಲ್ಲಿ ಇತ್ಯರ್ಥ ಮಾಡಲಾಯಿತು. ತೀರ್ಪು ಇಷ್ಟೇ: ಬರಲಾಗದಿದ್ದರೆ ಅಲ್ಲೇ ಪ್ರಾಣ ಬಿಡತಕ್ಕದ್ದು. ಪ್ರಾಣ ಬಿಡಬೇಕಾಗಿದ್ದುದು ಒಂದು ಕಂಪ್ಯೂಟರ್ ಪ್ರೋಗ್ರಾಮು.

ಆ ನಾಲ್ಕು ಸಾಲು ಬರೆದವಳು ನಾದಿನಿ. ಭೇಷ್ ಎಂದವರು ಭಾವ. ಅವಳ ಅಕ್ಕನ ಗಂಡ ಅವರು. ಕಚೇರಿಗೆಲ್ಲ ಮೇಷ್ಟ್ರು, ಅವಳೊಬ್ಬಳಿಗೆ ಭಾವ. ಅವಳು ಕಚೇರಿಗೆಲ್ಲ ಮೇಡಮ್ಮು, ಅವರೊಬ್ಬರಿಗೆ ಮಾತ್ರ ಮನೆಯಲ್ಲಿದ್ದಂತೆ ಪುಟ್ಟಿ. ಪುಟ್ಟಿಗೆ ಈಗ ನಲವತ್ತೆಂಟು ವರ್ಷ, ಓದಲು ಒಂದು ಕನ್ನಡಕ, ದೂರಕ್ಕೆ ಇನ್ನೊಂದು.

ಅವಳನ್ನು ಈ ಕೆಲಸಕ್ಕೆ ಕರೆತಂದವರೂ ಅವರೇ, ಕಲಿಸಿದವರೂ ಅವರೇ. ಮೊದಲ ಪಾಠ ಅಕ್ಕನ ಮನೆಯ ಊಟದ ಮೇಜಿನ ಮೇಲೆ ಆಗಿತ್ತು.

“ಡೈರೆಕ್ಟರಿ ಅಂದ್ರೆ ಫೈಲುಗಳಿರೋ ಕೋಣೆ ಅಂದ್ಕೊ,” ಎಂದಿದ್ದರು ಭಾವ. “ದಾರಿ ಹೇಳ್ಕೊಂಡು ಹೋದ್ರೆ ಏನಾಗುತ್ತೆ? ಎಡಕ್ಕೆ ತಿರುಗು, ಮೂರನೇ ಬಾಗಿಲು, ಮೇಲೆ ಬೋರ್ಡಿದೆ. ನೀನು ಹೋಗೋಷ್ಟರಲ್ಲಿ ಯಾರೋ ಬೋರ್ಡು ಕಿತ್ತು ಪಕ್ಕದ ಬಾಗಿಲಿಗೆ ಹಾಕಿರ್ತಾರೆ. ನೀನು ಧೈರ್ಯವಾಗಿ ಬೇರೆಯವರ ಕೋಣೆಗೆ ನುಗ್ತೀಯ.”

“ಮತ್ತೇನು ಮಾಡ್ಬೇಕು?”

“ಒಂದ್ಸಲ ಸರಿಯಾಗಿ ನೋಡಿ ಬಾಗಿಲು ತೆಗಿ. ಆಮೇಲೆ ಆ ಹಿಡಿಕೆ ಬಿಡಬೇಡ. ಕೈಯಲ್ಲಿ ಹಿಡಿಕೆ ಇದ್ರೆ, ಬೋರ್ಡು ಬದಲಾಗ್ಲಿ, ಕೋಣೇನೇ ಎತ್ತಿ ಹಿತ್ತಲಿಗೆ ಇಡ್ಲಿ, ನಿನ್ನ ಕೈ ಅದೇ ಕೋಣೆ ಒಳಗೇ ಹೋಗುತ್ತೆ. ಹೆಸರು ನಂಬಬೇಡ ಪುಟ್ಟಿ. ಹಿಡಿದಿರೋದನ್ನ ನಂಬು.”

ಅಕ್ಕ ಬಡಿಸುತ್ತ, “ನನ್ನನ್ನೂ ಹೀಗೇ ಬೋರ್ಡು ನೋಡದೆ ಕಟ್ಕೊಂಡ್ರಿ,” ಎಂದಳು. ಮೂವರೂ ನಕ್ಕರು. ಆ ಮನೆಯಲ್ಲಿ ಆಗ ನಗುವಿಗೆ ಬರವಿರಲಿಲ್ಲ.

ಹೊಸ ಯಂತ್ರಗಳಿಗೆ ಇದು ಸಲೀಸು. ಕೂತಲ್ಲೇ ಕೂತು, ಹಿಡಿದ ಬಾಗಿಲೊಳಗೆ ಕೈ ಚಾಚಿ ಫೈಲು ತೆಗೆಯುತ್ತವೆ. ಹಳೆಯ ಯಂತ್ರಗಳಿಗೆ ಅಷ್ಟುದ್ದದ ಕೈಯಿಲ್ಲ. ಅವು ಎದ್ದು ಆ ಕೋಣೆಗೆ ನಡೆದು ಹೋಗಬೇಕು, ಕೆಲಸ ಮುಗಿಸಬೇಕು, ಮತ್ತೆ ಹೊರಟ ಕೋಣೆಗೆ ವಾಪಸ್ ಬರಬೇಕು. ಎರಡರಲ್ಲೂ ಮೇಲಿನ ಪ್ರೋಗ್ರಾಮಿಗೆ ವ್ಯತ್ಯಾಸವೇ ತಿಳಿಯಬಾರದು. ಕೈ ಚಾಚಿದರೂ ಅಷ್ಟೇ, ನಡೆದು ಹೋಗಿ ಬಂದರೂ ಅಷ್ಟೇ ಎಂಬಂತಿರಬೇಕು. ಆ ಪದರವನ್ನು ನಾದಿನಿ ಕಟ್ಟಿದಳು. ಅದರ ಹೆಸರು ತಳಪಾಯ. ಹದಿನೆಂಟು ವರ್ಷದಲ್ಲಿ ಕಚೇರಿಯ ಪ್ರತಿಯೊಂದು ಪ್ರೋಗ್ರಾಮೂ ಅದರ ಮೇಲೆ ನಿಂತಿತು. ತಳಪಾಯವನ್ನು ಯಾರೂ ಹೊಗಳುವುದಿಲ್ಲ, ಗೋಡೆ ಬಿರುಕುಬಿಟ್ಟಾಗ ಮಾತ್ರ ಬಗ್ಗಿ ನೋಡುತ್ತಾರೆ.

ಆ ನಾಲ್ಕು ಸಾಲು ಇದ್ದದ್ದು ನಡೆದು ಹೋಗಿ ಬರುವ ಭಾಗದಲ್ಲಿ. ಹೊರಟ ಕೋಣೆಗೆ ಅಷ್ಟರಲ್ಲಿ ಬೀಗ ಬಿದ್ದಿದ್ದರೆ ಪ್ರೋಗ್ರಾಮು ಇನ್ನೊಬ್ಬರ ಕೋಣೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಆದರೆ ಮೇಲಿನವರು ಅದು ಮನೆ ಸೇರಿದೆ ಎಂದೇ ತಿಳಿದಿರುತ್ತಾರೆ. ಅಂಥ ಸ್ಥಿತಿಯಲ್ಲಿ ಒಂದು ಹೆಜ್ಜೆಯನ್ನೂ ಇಡದೆ ನಿಂತುಬಿಡುವುದೇ ಮರ್ಯಾದೆ. ಭಾವ ಈ ತೀರ್ಪನ್ನು ಹೊಸದಾಗಿ ಸೇರಿದವರಿಗೆಲ್ಲ ತಮ್ಮದೇ ಎಂಬ ಹೆಮ್ಮೆಯಿಂದ ವಿವರಿಸುತ್ತಿದ್ದರು.

ತೊಂದರೆ ಶುರುವಾದದ್ದು ನೀರು ಸರಬರಾಜು ಕಚೇರಿಯಿಂದ. ಅವರು ತಮ್ಮ ಹಳೆಯ ಯಂತ್ರವನ್ನು ಬಿಡಲೊಲ್ಲರು. ಊರಿನ ನೆಲದಡಿಯ ಕೊಳವೆಗಳ ನಕ್ಷೆಗಳನ್ನೆಲ್ಲ ಮೂರು ವರ್ಷ ಕೂತು ಸ್ಕ್ಯಾನ್ ಮಾಡಿಸಿ ಅದರಲ್ಲಿ ತುಂಬಿದ್ದರು. ಮೂವತ್ತೊಂದು ಸಾವಿರ ನಕ್ಷೆ. ಕಾಗದದ ಮೂಲಪ್ರತಿಗಳನ್ನು, ಇನ್ನು ಇವೇಕೆ ಎಂದು ರದ್ದಿಗೆ ಹಾಕಿದ್ದರು. ಪ್ರತಿ ನಕ್ಷೆಗೂ ಒಂದು ಕೋಣೆಯಲ್ಲಿ ದೊಡ್ಡ ಪ್ರತಿ. ಇನ್ನೊಂದು ಕೋಣೆಯಲ್ಲಿ, ಅದೇ ಹೆಸರಿನಲ್ಲಿ, ಹೆಬ್ಬೆರಳಿನಷ್ಟು ಕರಡು. ಕರಡುಗಳು ಸುಮ್ಮನೆ ಜಾಗ ತಿನ್ನುತ್ತಿದ್ದವು. ಅವನ್ನು ಗುಡಿಸಲು ನಾದಿನಿಯ ಕಚೇರಿ ಒಂದು ಪ್ರೋಗ್ರಾಮು ಕೊಟ್ಟಿತ್ತು. ಅದು ಕರಡು ಕೋಣೆಯಲ್ಲಿ ನಿಂತು ಒಂದೊಂದೇ ಹೆಸರು ಹಿಡಿದು ದೊಡ್ಡ ಕೋಣೆಗೆ ಹೋಗುತ್ತದೆ, ದೊಡ್ಡ ಪ್ರತಿ ಇದೆಯೇ ಎಂದು ನೋಡುತ್ತದೆ, ವಾಪಸ್ ಬಂದು ಕರಡನ್ನು ಅಳಿಸುತ್ತದೆ.

ಆ ಕಚೇರಿಗೆ ಹೊಸದಾಗಿ ಬಂದ ಅಧಿಕಾರಿಯೊಬ್ಬರು, ಭದ್ರತೆಯ ದೃಷ್ಟಿಯಿಂದ, ದಿನಾ ಮಧ್ಯಾಹ್ನ ಕರಡು ಕೋಣೆಗೆ ಬೀಗ ಬೀಳುವ ಏರ್ಪಾಡು ಮಾಡಿದರು. ಪ್ರೋಗ್ರಾಮು ದೊಡ್ಡ ಕೋಣೆಗೆ ಹೋಗುವುದು, ಹಿಂದೆ ಬೀಗ ಬೀಳುವುದು, ತೀರ್ಪಿನ ಪ್ರಕಾರ ಅಲ್ಲೇ ಪ್ರಾಣ ಬಿಡುವುದು ದಿನಚರಿಯಾಯಿತು. ಎರಡು ತಿಂಗಳು ದೂರಿನ ಮೇಲೆ ದೂರು.

“ಮೇಡಮ್, ನಿಮ್ಮ ಪ್ರೋಗ್ರಾಮು ಬಹಳ ಮಾನವಂತರದ್ದು, ಮಾತು ಮಾತಿಗೆ ಪ್ರಾಣ ಕಳ್ಕೊಳ್ಳುತ್ತೆ,” ಎಂದ ಮಾರಾಟ ವಿಭಾಗದವನು. “ಸ್ವಲ್ಪ ದಪ್ಪ ಚರ್ಮ ಹಾಕಿ.”

“ಬೀಗ ಹಾಕೋದು ನಿಲ್ಲಿಸೋಕೆ ಹೇಳಿ.”

“ಅವರು ಗ್ರಾಹಕರು ಮೇಡಮ್.”

“ಅವರ ನಕ್ಷೆಗಳೇ ಅಲ್ವಾ ಅಲ್ಲಿರೋದು? ಅದಕ್ಕೇ ಹೇಳ್ತಿರೋದು.”

ಭಾವ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ಅವರಿಗೆ ಅರವತ್ತೆರಡು. ಇನ್ನೆರಡು ವರ್ಷ ಅವರನ್ನು ಉಳಿಸಿಕೊಳ್ಳುವುದೋ ಬಿಡುವುದೋ ಎಂಬುದು ನೀರಿನವರ ಒಪ್ಪಂದ ಮುಂದುವರಿಯುವುದರ ಮೇಲೆ ನಿಂತಿತ್ತು. ಇದು ಎಲ್ಲರಿಗೂ ಗೊತ್ತಿತ್ತು. ಅವಳಿಗೂ ಗೊತ್ತಿತ್ತು, ಆದರೆ ಅದನ್ನು ಇದರ ಜೊತೆ ಕೂಡಿಸಿ ನೋಡುವ ಬುದ್ಧಿ ಬರಲಿಲ್ಲ.

ಸೋಮವಾರ ಬೆಳಗ್ಗೆ ನೀರಿನ ಕಚೇರಿಯಿಂದ ಫೋನು ಬಂತು. ಪ್ರೋಗ್ರಾಮಿನ ಹೊಸ ಆವೃತ್ತಿ ಹಾಕಿಕೊಂಡು ವಾರವಾಗಿತ್ತು. ಅದು ಈಗ ಪ್ರಾಣ ಬಿಡುತ್ತಿರಲಿಲ್ಲ. ಹಿಂದೆ ಬೀಗ ಬಿದ್ದರೆ ಬಿದ್ದಿತು ಎಂದು ದೊಡ್ಡ ಕೋಣೆಯಲ್ಲೇ ನಿಂತು, ತಾನು ಕರಡು ಕೋಣೆಯಲ್ಲಿದ್ದೇನೆ ಎಂಬ ಗಾಢ ನಂಬಿಕೆಯಲ್ಲಿ, ಪ್ರತಿ ಹೆಸರಿನ ದೊಡ್ಡ ಪ್ರತಿ ಇದೆಯೇ ಎಂದು ನೋಡಿ, ಇದೆ ಎಂದು ಸಮಾಧಾನಪಟ್ಟು, ಅದನ್ನೇ ಅಳಿಸಿತ್ತು. ದಿನಾ ಪ್ರತಿ ತೆಗೆದಿಡುವ ಇನ್ನೊಂದು ಯಂತ್ರ, ಇಲ್ಲಿ ಅಳಿಸಿದ್ದನ್ನು ಅಲ್ಲೂ ಅಳಿಸಿ ಲೆಕ್ಕ ಸರಿಮಾಡಿಕೊಂಡಿತ್ತು. ಉಳಿದದ್ದು ಹೆಬ್ಬೆರಳಿನಷ್ಟು ಕರಡುಗಳು. ಅವುಗಳಲ್ಲಿ ಕೊಳವೆ ಯಾವುದು, ಕಾಗದದ ಮಡಿಕೆ ಯಾವುದು ಎಂದು ದೇವರೇ ಹೇಳಬೇಕು.

ನಾಲ್ಕು ಸಾಲು ಮಾಯವಾಗಿದೆ ಎಂದು ಕಂಡುಹಿಡಿಯಲು ನಾದಿನಿಗೆ ಐದು ನಿಮಿಷವೂ ಬೇಕಾಗಲಿಲ್ಲ. ಯಾರು ತೆಗೆದರು ಎಂದು ನೋಡಿದಳು. ಮೂರು ವಾರದ ಹಿಂದಿನ ಗುರುವಾರ, ಹನ್ನೊಂದು ನಲವತ್ತು. ತೆಗೆದವರ ಹೆಸರು, ಅವಳದೇ.

ಮಂಗಳವಾರ ಹನ್ನೊಂದಕ್ಕೆ ಕಚೇರಿಯ ಯಜಮಾನರ ಕೋಣೆಯಲ್ಲಿ ನಾಲ್ಕು ಜನ ಕೂತರು: ಯಜಮಾನರು, ನಾದಿನಿ, ಭಾವ, ಮಾರಾಟದವನು. ಯಜಮಾನರು ಕಾಗದವನ್ನು ಅವಳತ್ತ ತಿರುಗಿಸಿದರು.

“ಮೇಡಮ್, ಈ ಹೆಸರು ನಿಮ್ಮದು ತಾನೆ?”

“ಹೆಸರು ನನ್ನದೇ ಸರ್. ಮುದುಕಿ ಮೇಲೆ ಇರೋದೇ ಆ ಒಂದು ಹೆಸರು.”

ಮುದುಕಿ ಎಂದರೆ, ನೀರಿನವರಿಗಾಗಿ ಕಚೇರಿ ಇಟ್ಟುಕೊಂಡಿದ್ದ ಅದೇ ಕಾಲದ ಹಳೆಯ ಯಂತ್ರ. ತಳಪಾಯವನ್ನು ತಿದ್ದುತ್ತಿದ್ದುದು ಅದರಲ್ಲೇ. ಹದಿನೆಂಟು ವರ್ಷದ ಹಿಂದೆ ಅದನ್ನು ಕೂಡಿಸಿದಾಗ ಭಾವ, “ನಿನ್ನ ಹೆಸರಲ್ಲೇ ಇರ್ಲಿ ಬಿಡು, ನಾನೂ ಅದರಲ್ಲೇ ಕೂರ್ತೀನಿ,” ಎಂದಿದ್ದರು. ಆಗ ಅದು ಗೌರವದಂತೆ ಕೇಳಿಸಿತ್ತು.

“ಕಾಫಿ ತರೋರು ಕೂತು ಬದಲಾಯಿಸಿದ್ರೂ ನನ್ನ ಹೆಸರೇ ಬೀಳುತ್ತೆ,” ಎಂದಳು.

“ಕಾಫಿ ತರೋರಿಗೆ ನಿಮ್ಮಷ್ಟು ತಿಳಿದಿಲ್ಲ ಬಿಡಿ ಮೇಡಮ್,” ಎಂದ ಮಾರಾಟದವನು.

“ತಿಳಿದಿಲ್ಲ ಅಂತಾನೇ ಅವರು ಮುಟ್ಟಲ್ಲ.”

“ಚೀಟಿ ಎಲ್ಲಿ?” ಎಂದರು ಯಜಮಾನರು.

ಚೀಟಿ ಭಾವ ಮಾಡಿದ ಪದ್ಧತಿ. ತಳಪಾಯದಲ್ಲಿ ಯಾರು ಏನು ಬದಲಾಯಿಸಿದರೂ ಮೊದಲು ಒಂದು ಪುಟ್ಟ ಫೈಲಿನಲ್ಲಿ ಯಾರು, ಏಕೆ ಎಂದು ಬರೆದು ಮುದುಕಿಯ ಮೇಲೆ ಚೀಟಿಗಳ ಡೈರೆಕ್ಟರಿಯಲ್ಲಿ ಇಡಬೇಕು. ಹೆಸರೊಂದೇ ಇದ್ದ ಯಂತ್ರದಲ್ಲಿ ಮನುಷ್ಯರನ್ನು ಗುರುತಿಸಲು ಇದ್ದದ್ದು ಅದೊಂದೇ ದಾರಿ. ಅಲ್ಲಿ ನೂರ ಹದಿನೇಳು ಚೀಟಿಗಳಿದ್ದವು. ಈ ಬದಲಾವಣೆಗೆ ಚೀಟಿಯಿರಲಿಲ್ಲ.

“ಮಾಡಿದ್ದೂ ಅಲ್ದೆ ಚೀಟಿ ಕೂಡ ಬರೆದಿಲ್ಲ,” ಎಂದರು ಯಜಮಾನರು.

“ಸರ್, ಆ ಗುರುವಾರ ನಾನು ಇಲ್ಲಿಗೇ ಬಂದಿರಲಿಲ್ಲ. ಅಕ್ಕಂಗೆ ಬಲಗಣ್ಣಿನ ಆಪರೇಷನ್ ಆಗಿತ್ತು, ಅವರ ಮನೇಲಿ ಹನಿ ಹಾಕ್ತಾ ಕೂತಿದ್ದೆ. ಗಂಟೆಗೊಂದ್ಸಲ.”

ಯಜಮಾನರು ಹಾಜರಿ ಪುಸ್ತಕ ತಿರುವಿದರು. ಗುರುವಾರ ಅವಳು ಹಾಜರು.

“ರಜೆ ಬರೀಬೇಡ, ನಾನು ನೋಡ್ಕೋತೀನಿ ಅಂತ ಭಾವಾನೇ ಹೇಳಿದ್ರು,” ಎಂದು ಅವಳು ಅವರ ಕಡೆ ತಿರುಗಿದಳು. ನೀರು ಬಾಟಲಿ ಕೊಡಿ ಎಂದು ಪಕ್ಕದವರನ್ನು ಕೇಳುವಷ್ಟು ಸಹಜವಾಗಿ ತಿರುಗಿದಳು.

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. “ಮನೆಗೆ ಬಂದಿದ್ಲು ಸರ್, ಸುಳ್ಳಲ್ಲ. ಯಾವ ದಿನ ಅಂದ್ರೆ... ಈ ವಯಸ್ಸಲ್ಲಿ ಯಾವ ದಿನ ಯಾರು ಎಲ್ಲಿದ್ರು ಅಂತ ನನಗೆ ನೆನಪಿರಲ್ಲ.”

ಮೂವತ್ತು ವರ್ಷದ ಯಾವ ಯಂತ್ರದ ಯಾವ ಆವೃತ್ತಿಯಲ್ಲಿ ಯಾವ ಆದೇಶ ಸೇರಿತು ಎಂದು ನಿದ್ದೆಯಿಂದೆಬ್ಬಿಸಿ ಕೇಳಿದರೂ ಹೇಳುವ ಮನುಷ್ಯ ಅವರು.

ಶುಕ್ರವಾರ ನೀರಿನವರು ಬರುತ್ತಾರೆ, ಅಷ್ಟರೊಳಗೆ ಏನಾದರೂ ಹೇಳುವುದಿದ್ದರೆ ಆಧಾರ ಸಮೇತ ಹೇಳಿ, ಇಲ್ಲವಾದರೆ ಅವರ ಮುಂದೆಯೇ ನಿಮ್ಮನ್ನು ಕೆಲಸದಿಂದ ತೆಗೆಯಬೇಕಾಗುತ್ತದೆ ಎಂದರು ಯಜಮಾನರು. ಒಳ್ಳೆಯವರು, ಬೇಸರದಿಂದಲೇ ಹೇಳಿದರು.

ಹೊರಗೆ ಮೆಟ್ಟಿಲ ಬಳಿ ನಿಂತು ಅವಳು ಅಕ್ಕನಿಗೆ ಫೋನು ಮಾಡಿದಳು. ಭಾವನ ಮೇಲೆ ಆಗಲೂ ಸಂಶಯ ಬಂದಿರಲಿಲ್ಲ. ವಯಸ್ಸಾಯಿತು, ಮರೆತಿರುತ್ತಾರೆ, ಅಕ್ಕ ನೆನಪಿಸಿದರೆ ಸರಿಹೋಗುತ್ತದೆ ಎಂದುಕೊಂಡಿದ್ದಳು.

“ಅಕ್ಕಾ, ನಾನು ನಿಮ್ಮನೆಗೆ ಬಂದಿದ್ದು ಗುರುವಾರ ತಾನೆ?”

“ನನ್ನ ಕಣ್ಣು ಕಟ್ಟಿದ್ರಲ್ಲೇ ಪುಟ್ಟಿ. ಹಗಲೋ ರಾತ್ರಿಯೋ ಅನ್ನೋದೇ ಗೊತ್ತಾಗ್ತಿರ್ಲಿಲ್ಲ. ಯಾವ ವಾರ ಅಂತ ಹೇಗೆ ಹೇಳ್ಲಿ?”

“ಕಿವಿ ಕಟ್ಟಿರ್ಲಿಲ್ವಲ್ಲ. ಆಪರೇಷನ್ ಬುಧವಾರ ಆಯ್ತು, ಮಾರನೇ ದಿನ ನಾನು ಬಂದೆ. ಬುಧವಾರದ ಮಾರನೇ ದಿನ ಏನು?”

“ಅವರು ಹೇಳಿದ್ರು, ಪುಟ್ಟಿ ಫೋನ್ ಮಾಡಿ ಕೇಳ್ತಾಳೆ, ನಿನಗೆ ದಿನ ಗೊತ್ತಾಗಿರಲ್ಲ ಅಲ್ವಾ ಅಂತ. ಹೌದಲ್ಲ, ನನಗೆ ಗೊತ್ತಾಗಿರಲ್ಲ.”

“ಯಾವಾಗ ಹೇಳಿದ್ರು?”

“ಬೆಳಗ್ಗೆ. ತಿಂಡಿ ತಿನ್ನೋವಾಗ.”

ಯಜಮಾನರ ಕೋಣೆಯಲ್ಲಿ ಕೂತದ್ದು ಹನ್ನೊಂದಕ್ಕೆ. ತಿಂಡಿ ಎಂಟಕ್ಕೆ. ತಾನು ಅಕ್ಕನಿಗೆ ಫೋನು ಮಾಡುತ್ತೇನೆಂದು ಎಂಟು ಗಂಟೆಗೆ ನಾದಿನಿಗೇ ಗೊತ್ತಿರಲಿಲ್ಲ.

“ಸರಿ ಅಕ್ಕ,” ಎಂದಳು. “ಕಣ್ಣು ಉಜ್ಜಬೇಡ.”

ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕಣ್ಣಲ್ಲಿ ನೀರು ಬರಲಿಲ್ಲ. ಗುರುವಾರ ತಾನು ಅವರ ಮನೆಯಲ್ಲಿ, ಅವರ ಹೆಂಡತಿಯ ರೆಪ್ಪೆ ಬಿಡಿಸಿ ಹನಿ ಹಾಕುತ್ತಿದ್ದಾಗ, ಅವರು ಇಲ್ಲಿ ತನ್ನ ಹೆಸರಲ್ಲಿ ಕೂತು ತನ್ನ ಸಾಲುಗಳನ್ನು ಕೀಳುತ್ತಿದ್ದರು. ತನ್ನನ್ನು ಕಳಿಸಿದ್ದೂ ಅದಕ್ಕೇ ಇರಬಹುದೇ? ಅಲ್ಲಿಗೆ ಯೋಚನೆ ನಿಲ್ಲಿಸಿದಳು. ಅದರಾಚೆ ಹೋದರೆ ವಾಪಸ್ ಬರುವುದು ಕಷ್ಟವಿತ್ತು.

ಆ ಮಧ್ಯಾಹ್ನ ಮುದುಕಿಯ ಮುಂದೆ ಕೂತಳು. ಚೀಟಿಗಳ ಡೈರೆಕ್ಟರಿ ತೆಗೆದಳು. ನೂರ ಹದಿನೇಳು. ಮತ್ತೆ ಎಣಿಸಿದಳು. ನೂರ ಹದಿನೇಳು. ಚೊಕ್ಕಟವಾಗಿತ್ತು, ಅಷ್ಟು ಚೊಕ್ಕಟವಾಗಿ ಯಾವುದೂ ಆ ಯಂತ್ರದಲ್ಲಿ ಇದ್ದದ್ದೇ ಇಲ್ಲ.

ಮುದುಕಿಯ ಪರದೆಯ ಒಂದು ಮೂಲೆಯಲ್ಲಿ ಏಳು ತಿಂಗಳಿಂದ ಒಂದು ಪುಟ್ಟ ಪ್ರೋಗ್ರಾಮು ಓಡುತ್ತಿತ್ತು. ಪರದೆಯ ಅಂಚಿಗೆ ಅವಳೇ ಅಂಟಿಸಿದ ಕಾಗದ: “ನಿಲ್ಲಿಸಬೇಡಿ.” ತನ್ನ ನಡೆದು ಹೋಗಿ ಬರುವ ಪದರ ತಿಂಗಳುಗಟ್ಟಲೆ ಸುಸ್ತಾಗದೆ ನಡೆಯುತ್ತದೆಯೇ ಎಂದು ನೋಡಲು ಬರೆದದ್ದು. ಶುರುವಾದಾಗ ಒಮ್ಮೆ ಚೀಟಿಗಳ ಡೈರೆಕ್ಟರಿ ತೆಗೆದು ಹಿಡಿದುಕೊಂಡದ್ದು, ಆಮೇಲೆ ಗಂಟೆಗೊಂದು ಸಲ ಹೋಗಿ ಎಣಿಸಿ ಬರುತ್ತಿತ್ತು. ಆ ಯಂತ್ರದಲ್ಲಿ ಫೈಲುಗಳು ಎಂದೂ ಕಡಿಮೆಯಾಗದ ಜಾಗ ಅದೊಂದೇ ಎಂದು ಅದನ್ನು ಆರಿಸಿದ್ದಳು. ಎಣಿಕೆಯನ್ನು ಅವಳು ನೋಡದೆ ಎಷ್ಟೋ ದಿನವಾಗಿತ್ತು.

ಈಗ ನೋಡಿದಳು. ಕೊನೆಯ ಸಾಲು: ನೂರ ಹದಿನೆಂಟು.

ಹಿಂದಕ್ಕೆ ಸರಿಸುತ್ತ ಹೋದಳು. ನಿನ್ನೆ ನೂರ ಹದಿನೆಂಟು. ಮೊನ್ನೆಯೂ. ಮೂರು ವಾರದ ಹಿಂದಿನ ಗುರುವಾರ, ಹನ್ನೊಂದು ಗಂಟೆಗೆ ನೂರ ಹದಿನೇಳು. ಹನ್ನೆರಡಕ್ಕೆ ನೂರ ಹದಿನೆಂಟು.

ಹೆಸರು ಹಿಡಿದು ಹೋದರೆ ಒಂದು ಡೈರೆಕ್ಟರಿ ಸಿಗುತ್ತದೆ. ಏಳು ತಿಂಗಳ ಹಿಂದೆ ಹಿಡಿದದ್ದು ಬೇರೆ ಡೈರೆಕ್ಟರಿ. ಯಾರೋ ಹಳೆಯ ಕೋಣೆಯನ್ನು ಹಿತ್ತಲಿಗೆ ಸಾಗಿಸಿ, ಒಂದು ಚೀಟಿ ಕಡಿಮೆಯಿರುವ ನಕಲು ಕೋಣೆಗೆ ಅದೇ ಬೋರ್ಡು ಹಾಕಿದ್ದಾರೆ. ಒಂದು ಚೀಟಿ ಅಳಿಸಿದ್ದರೆ ಒಂದು ಕ್ಷಣದ ಕೆಲಸ. ಆದರೆ ಭಾವ ಯಾವುದನ್ನೂ ಅಳಿಸುವವರಲ್ಲ. ಹರಿದ ಚಪ್ಪಲಿ, ಸತ್ತ ಗಡಿಯಾರ, ಹಿಂದಿನ ವರ್ಷಗಳ ಕ್ಯಾಲೆಂಡರು ಎಲ್ಲವನ್ನೂ ಅಟ್ಟದ ಮೇಲಿಡುವ ಮನುಷ್ಯ. “ಅಳಿಸಿದ್ದು ವಾಪಸ್ ಬರಲ್ಲ” ಎನ್ನುವುದು ಅವರ ಎರಡನೇ ಪಾಠ. ಇನ್ನು ಚೀಟಿ ಬರೆಯದೆ ಬದಲಾಯಿಸುವುದಂತೂ, ಕದಿಯುವಾಗಲೂ, ಅವರ ಕೈಲಾಗದ ಮಾತು.

ಅವಳು ಪುಟ್ಟ ಪ್ರೋಗ್ರಾಮಿಗೆ ಹೇಳಿದಳು: ನೀನು ಹಿಡಿದಿರುವ ಕೋಣೆಯಿಂದ ನೂರ ಹದಿನೆಂಟನೆಯದನ್ನು ಓದು. ಅದು ಎದ್ದು ಹೋಯಿತು, ಓದಿತು, ವಾಪಸ್ ಬಂತು.

“ಗ್ರಾಹಕರ ಯಂತ್ರದಲ್ಲಿ ದಿನಾ ನಿಲ್ಲುತ್ತಿದೆ. ಒಪ್ಪಂದ ಮುಗಿಯುವ ಹೊತ್ತು. ನಿಲ್ಲಿಸುವ ನಾಲ್ಕು ಸಾಲು ತೆಗೆದಿದ್ದೇನೆ. ಬರೆದವಳು ಒಪ್ಪುವುದಿಲ್ಲ, ಆದ್ದರಿಂದ ಕೇಳಿಲ್ಲ. ಇವತ್ತು ನಮ್ಮ ಮನೆಯಲ್ಲಿದ್ದಾಳೆ.” ಕೆಳಗೆ ಭಾವನ ಪೂರ್ತಿ ಹೆಸರು, ದಿನಾಂಕ, ಸಮಯ. ಅಕ್ಷರ ತಪ್ಪಿರಲಿಲ್ಲ.

ಗುರುವಾರ ಊಟದ ಬಿಡುವಿನಲ್ಲಿ ಭಾವ ಯಂತ್ರದ ಕೋಣೆಗೆ ಬಂದರು. ಅವಳು ಎರಡು ದಿನದಿಂದ ಮುದುಕಿಯ ಪಕ್ಕ ಬಿಟ್ಟು ಕದಲಿಲ್ಲವೆಂಬುದು ಅವರ ಕಿವಿಗೆ ಬಿದ್ದಿತ್ತು. ಬಾಗಿಲು ಮುಚ್ಚಿದರು.

“ಪುಟ್ಟಿ, ಯಾಕೋ ನಿಧಾನ ಆಗಿದೆ ಇದು. ಒಂದ್ಸಲ ಆಫ್ ಮಾಡಿ ಆನ್ ಮಾಡೋಣ್ವಾ?”

“ಆಫ್ ಮಾಡಿದ್ರೆ ಹಿಡಿದಿರೋದು ಬಿಟ್ಟುಹೋಗುತ್ತೆ ಭಾವ.”

ಭಾವ ಪರದೆಯ ಮೂಲೆ ನೋಡಿದರು. ಅಂಚಿಗೆ ಅಂಟಿಸಿದ ಕಾಗದ ನೋಡಿದರು. ಅವರ ಮುಖದಲ್ಲಿ ಮೊದಲು ಬಂದದ್ದು ನಾಚಿಕೆಯಲ್ಲ, ಲೆಕ್ಕ ತಪ್ಪಿದ ಮೇಷ್ಟ್ರ ಕಿರಿಕಿರಿ.

“ಅದು ಹೆಸರು ಹಿಡಿದು ಹೋಗುತ್ತೆ ಅಂದ್ಕೊಂಡಿದ್ದೆ.”

“ಹೆಸರು ನಂಬಬೇಡ ಅಂತ ನೀವೇ ಹೇಳಿದ್ರಲ್ಲ.”

ಭಾವ ಕುರ್ಚಿ ಎಳೆದುಕೊಂಡು ಕೂತರು. “ಬೀಗ ಬಿದ್ರೂ ಏನೂ ಆಗಲ್ಲ ಅನ್ಕೊಂಡೆ ಕಣೇ. ಗುಡಿಸೋ ಪ್ರೋಗ್ರಾಮು ಹಾಗೆ ಕೆಲಸ ಮಾಡುತ್ತೆ ಅನ್ನೋದು ಹೊಳೀಲಿಲ್ಲ.”

“ತೆಗೆದಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ. ತಪ್ಪು ಯಾರು ಮಾಡಲ್ಲ? ಮಂಗಳವಾರ ಅಲ್ಲಿ ಕೂತು ಕನ್ನಡಕ ಒರೆಸಿದ್ರಲ್ಲ, ಅದು.”

“ನಿನಗಿನ್ನೂ ವಯಸ್ಸಿದೆ. ಎಲ್ಲಿ ಹೋದ್ರೂ ನಿನ್ನ ಕೈ ಹಿಡಿದು ಕರೀತಾರೆ. ನನಗೆ ಈ ಕುರ್ಚಿ ಬಿಟ್ರೆ ಏನಿದೆ ಹೇಳು. ಮನೇಲಿ ಕೂತು ಅಟ್ಟ ನೋಡ್ಕೊಂಡಿರಲಾ?”

“ಅಟ್ಟ ತುಂಬ ಇದೆ, ಟೈಮ್ ಹೋಗುತ್ತೆ.”

ಭಾವ ನಗಲಿಲ್ಲ. ಅವಳಿಗೂ ನಗಿಸುವ ಉದ್ದೇಶವಿರಲಿಲ್ಲ.

“ನಿನ್ನ ಅಕ್ಕನ ಮುಖ ನೋಡಿಯಾದ್ರೂ,” ಎಂದರು ತಗ್ಗಿದ ದನಿಯಲ್ಲಿ. “ಇನ್ನೊಂದು ಕಣ್ಣು ಬಾಕಿ ಇದೆ.”

“ಅವಳ ಬಾಯಲ್ಲಿ ಸುಳ್ಳು ಹೇಳಿಸೋವಾಗ ಅವಳ ಮುಖ ನೀವು ನೋಡಿದ್ರಾ?”

“ಅವಳಿಗೆ ಎಲ್ಲಾ ಗೊತ್ತು, ಪುಟ್ಟಿ.” ಅವರ ದನಿ ಈಗ ಬಹಳ ಮೃದುವಾಗಿತ್ತು, ಪಾಠ ಹೇಳುವಾಗಿನ ದನಿ. “ನಾನು ಹೇಳಿಸಿದ್ದಲ್ಲ. ಕಣ್ಣು ಕಟ್ಟಿತ್ತು ಅಂತ ಹೇಳಿದ್ರೆ ಆಗಲ್ವಾ ಅಂತ ಅವಳೇ ಅಂದಿದ್ದು.”

ಮುದುಕಿಯ ಫ್ಯಾನು ಒಂದೇ ಸಮನೆ ಗುರುಗುಟ್ಟುತ್ತಿತ್ತು. ಪುಟ್ಟ ಪ್ರೋಗ್ರಾಮು ಒಂದು ಗಂಟೆಯ ಎಣಿಕೆ ಮುಗಿಸಿ, ಹೋಗಿ ಬಂದು, ನೂರ ಹದಿನೆಂಟು ಎಂದು ಬರೆಯಿತು.

ಭಾವನ ಕೈ ಮೇಜಿನ ಕೆಳಗೆ ಸ್ವಿಚ್ಚಿನ ಹತ್ತಿರ ಹೋಯಿತು. ಅವಳು ತಡೆಯಲಿಲ್ಲ.

“ಆಫ್ ಮಾಡಿ ಭಾವ, ಪರವಾಗಿಲ್ಲ. ಮಂಗಳವಾರವೇ ಪ್ರಿಂಟ್ ತೆಗೆದೆ. ಒಂದು ಪ್ರತಿ ಯಜಮಾನರ ಬೀರುವಿನಲ್ಲಿದೆ, ಲಕೋಟೆ ಅಂಟಿಸಿ ಕೊಟ್ಟಿದ್ದೀನಿ. ಶುಕ್ರವಾರ ಎಲ್ಲರ ಮುಂದೆ ತೆಗೀರಿ ಅಂದಿದ್ದೀನಿ. ಅದಕ್ಕೆ ಮುಂಚೆ ನೀವೇ ಹೋಗಿ ಹೇಳ್ತೀರೇನೋ ಅಂತ ಎರಡು ದಿನ ಕಾದೆ.”

ಭಾವ ಕೈ ಹಿಂದಕ್ಕೆ ತೆಗೆದುಕೊಂಡರು. ಅದನ್ನೇನು ಮಾಡುವುದೆಂದು ತಿಳಿಯದೆ ಮೊಣಕಾಲ ಮೇಲಿಟ್ಟುಕೊಂಡರು. ಎದ್ದು ಬಾಗಿಲವರೆಗೆ ಹೋಗಿ ನಿಂತು, “ಪ್ರೋಗ್ರಾಮು ಚೆನ್ನಾಗಿ ಬರೆದಿದ್ದೀಯ,” ಎಂದರು. ಅವರಿಗೆ ಬೇರೇನೂ ಹೇಳಲು ಬರಲಿಲ್ಲವೋ, ನಿಜವಾಗಿ ಹಾಗನ್ನಿಸಿತೋ, ಅವಳಿಗೆ ತಿಳಿಯಲಿಲ್ಲ.

ಅವರು ಯಜಮಾನರ ಕೋಣೆಗೆ ಹೋಗುತ್ತಾರೇನೋ ಎಂದು ಅವಳು ಸಂಜೆಯವರೆಗೆ ಹೆಜ್ಜೆ ಸದ್ದಿಗೆ ಕಿವಿಗೊಟ್ಟಿದ್ದಳು. ಅವರು ಮನೆಗೆ ಹೋದರು.

ಶುಕ್ರವಾರ ಹನ್ನೊಂದಕ್ಕೆ ಲಕೋಟೆ ಒಡೆದರು. ಭಾವ ಹನ್ನೆರಡಕ್ಕೆ ರಾಜೀನಾಮೆ ಬರೆದುಕೊಟ್ಟರು. ನೀರಿನವರು ಒಪ್ಪಂದ ಮುಂದುವರಿಸಲಿಲ್ಲ. ನಾಲ್ಕು ಸಾಲುಗಳನ್ನು ನಾದಿನಿ ಮತ್ತೆ ಬರೆದು, ನೂರ ಹತ್ತೊಂಬತ್ತನೆಯ ಚೀಟಿ ಇಟ್ಟಳು. ಮುಂದಿನ ತಿಂಗಳು ಅಕ್ಕನ ಎಡಗಣ್ಣಿನ ಆಪರೇಷನ್ ಆಯಿತು. ಹನಿ ಹಾಕಲು ನರ್ಸನ್ನು ಗೊತ್ತುಮಾಡಿಕೊಂಡರು.